ಕ್ಷಮೆಯ ಕಡತಕ್ಕೆ ವಾರಸುದಾರರು ಯಾರು?

ರಾಜಕೀಯದ ಕಾವಿರುವ ಪ್ರಕರಣಗಳಲ್ಲಿ ಕ್ಷಮಾದಾನದ ಸಹಿ ರಾಷ್ಟ್ರಪತಿಯದು, ಶಿಫಾರಸು ಸಂಪುಟದ್ದು. ವಿಳಂಬ ಮಾತ್ರ ಯಾರದೂ ಅಲ್ಲ!

2013ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಭವನದಿಂದ ಎರಡು ಕಡತಗಳು ಹೊರಬಿದ್ದವು. ಮೊದಲನೆಯದು ಸಂಸತ್ ಭವನದ ಮೇಲಿನ ದಾಳಿ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಅಫ್ಜಲ್ ಗುರುವಿನದು. 3ನೇ ತಾರೀಕು ಅರ್ಜಿ ತಿರಸ್ಕೃತವಾಯಿತು. 9ನೇ ತಾರೀಕು ಶನಿವಾರ ಬೆಳಿಗ್ಗೆ ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿ, ಜೈಲಿನ ಆವರಣದಲ್ಲೇ ಹೂಳಿದರು. ಅರ್ಜಿ ತಿರಸ್ಕಾರವಾಗಿದೆ ಎಂದು ತಿಳಿಸುವ ಸ್ಪೀಡ್ ಪೋಸ್ಟ್ ಪತ್ರ ಕಾಶ್ಮೀರದಲ್ಲಿದ್ದ ಕುಟುಂಬದ ಕೈಸೇರಿದ್ದು 11ರಂದು. ಅಷ್ಟು ಹೊತ್ತಿಗೆ ಟಿ.ವಿ.ಗಳು ಎರಡು ದಿನ ಅದನ್ನೇ ಹೇಳಿ ಮುಗಿಸಿದ್ದವು.

ಎರಡನೆಯ ಕಡತ ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿಗೆ ಸಂಬಂಧಿಸಿದ್ದು. ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರು ಸಲ್ಲಿಸಿದ್ದ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಬಿದ್ದಿದ್ದು, ಅದೇ ತಿಂಗಳು ತಿರಸ್ಕೃತವಾಯಿತು. ಇನ್ನೇನು ಹಿಂಡಲಗಾದಲ್ಲಿ ನೇಣು ಎಂಬ ಸುದ್ದಿ ಹಬ್ಬಿತ್ತು. ವಕೀಲರು ದೆಹಲಿಗೆ ಓಡಿದರು. 18ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮರುವರ್ಷ ಆ ನಾಲ್ವರ ಮರಣದಂಡನೆ ಜೀವಾವಧಿಗೆ ಇಳಿಯಿತು. ಅದಕ್ಕೆ ಕೋರ್ಟ್ ಕೊಟ್ಟ ಕಾರಣ, ಅರ್ಜಿಯನ್ನು ಅಷ್ಟು ವರ್ಷ ಕೊಳೆಹಾಕಿದ್ದು.

ರಾಷ್ಟ್ರಪತಿ ಒಬ್ಬರೇ, ಪ್ರಣವ್ ಮುಖರ್ಜಿ. ತಿಂಗಳೂ ಒಂದೇ, ಉತ್ತರವೂ ಒಂದೇ. ಅಫ್ಜಲ್‌ನ ಅರ್ಜಿಯೂ ಆರು ವರ್ಷಕ್ಕೂ ಮೇಲ್ಪಟ್ಟು ನನೆಗುದಿಗೆ ಬಿದ್ದಿತ್ತು. ಆದರೂ ಒಬ್ಬ ಗಲ್ಲಿಗೇರಿದ, ನಾಲ್ವರು ಉಳಿದರು. ನ್ಯಾಯಾಲಯದ ಬಾಗಿಲು ತಟ್ಟುವಷ್ಟು ಸಮಯ ಸಿಕ್ಕಿದ್ದು ನಾಲ್ವರಿಗೆ ಮಾತ್ರ. ಇಷ್ಟಾದ ಮೇಲೂ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ಆ ಕಡತಗಳನ್ನು ಅಷ್ಟು ವರ್ಷ ಹಿಡಿದಿಟ್ಟವರು ಯಾರು, ಏಕೆ?

ರಾಜಕೀಯ ಹತ್ಯೆ, ಭಯೋತ್ಪಾದನೆ, ಬಂಡಾಯಗಳ ವಿಚಾರದಲ್ಲಿ ಕ್ಷಮಾದಾನಕ್ಕೆ ರಾಜಕೀಯ ಸೋಕಬಾರದು ಎಂದು ಬಯಸುವುದು ಹೆಚ್ಚೇ ಆಯಿತು. ಕ್ಷಮಿಸುವುದೂ ಕ್ಷಮಿಸದಿರುವುದೂ ಅಲ್ಲಿ ರಾಜಕೀಯ ತೀರ್ಮಾನವೇ. ತಕರಾರಿರುವುದು ಬೇರೆ ಕಡೆ. ನಮ್ಮ ವ್ಯವಸ್ಥೆಯಲ್ಲಿ ಆ ತೀರ್ಮಾನಕ್ಕೆ ವಾರಸುದಾರರೇ ಇಲ್ಲ.

ಕಡತ ಸಾಗುವ ದಾರಿ

ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೆ ಶಿಕ್ಷೆಯನ್ನು ಪೂರ್ತಿ ಮನ್ನಾ ಮಾಡುವ, ತಡೆಹಿಡಿಯುವ, ಕಡಿಮೆ ಮಾಡುವ, ಬೇರೊಂದು ಶಿಕ್ಷೆಗೆ ಬದಲಾಯಿಸುವ ಅಧಿಕಾರ ಕೊಡುತ್ತದೆ. ಸೇನಾ ನ್ಯಾಯಾಲಯಗಳು ಕೊಟ್ಟ ಶಿಕ್ಷೆ, ಕೇಂದ್ರದ ವ್ಯಾಪ್ತಿಯ ಕಾನೂನುಗಳಡಿ ಆದ ಶಿಕ್ಷೆ ಮತ್ತು ಎಲ್ಲ ಮರಣದಂಡನೆಗಳು ಇದರಲ್ಲಿ ಬರುತ್ತವೆ. ರಾಜ್ಯದ ಮಟ್ಟದಲ್ಲಿ ಇಂಥದ್ದೇ ಅಧಿಕಾರವನ್ನು 161ನೇ ವಿಧಿ ರಾಜ್ಯಪಾಲರಿಗೆ ಕೊಟ್ಟಿದೆ. ಸ್ವಾತಂತ್ರ್ಯ ದಿನದಂದು ಸನ್ನಡತೆಯ ಮೇಲೆ ಕೈದಿಗಳು ಹೊರಬರುವುದನ್ನು ನಾವು ನೋಡುತ್ತೇವಲ್ಲ, ಅದು ರಾಜ್ಯ ಸರ್ಕಾರದ ಮಟ್ಟದಲ್ಲೇ ನಡೆಯುವ ಅವಧಿಪೂರ್ವ ಬಿಡುಗಡೆ. ಗಲ್ಲಿನ ಕಡತದ ದಾರಿ ಇನ್ನೂ ಉದ್ದ.

ಕೈದಿಯೋ ಅವನ ಕಡೆಯವರೋ ಬರೆದ ಅರ್ಜಿ ಜೈಲಿನಿಂದ ಹೊರಡುತ್ತದೆ. ರಾಜ್ಯದ ಗೃಹ ಇಲಾಖೆ, ರಾಜ್ಯಪಾಲರು, ಅಲ್ಲಿಂದ ದೆಹಲಿಯ ಗೃಹ ಸಚಿವಾಲಯ. ಸಚಿವಾಲಯ ರಾಜ್ಯದ ಅಭಿಪ್ರಾಯ ಕೇಳುತ್ತದೆ, ತೀರ್ಪುಗಳ ಪ್ರತಿ ತರಿಸಿಕೊಳ್ಳುತ್ತದೆ, ಟಿಪ್ಪಣಿ ಬರೆಯುತ್ತದೆ. ಗೃಹ ಸಚಿವರ ಶಿಫಾರಸಿನೊಂದಿಗೆ ಕಡತ ರಾಷ್ಟ್ರಪತಿ ಭವನಕ್ಕೆ ಹೋಗುತ್ತದೆ. ಅಲ್ಲಿ ರಾಷ್ಟ್ರಪತಿಗೆ ಸ್ವಂತ ವಿವೇಚನೆ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. 74ನೇ ವಿಧಿಯ ಪ್ರಕಾರ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಕ್ಷಮಾದಾನಕ್ಕೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1980ರ ಮಾರೂ ರಾಂ ಪ್ರಕರಣದಲ್ಲೇ ಹೇಳಿದೆ. ಹೆಚ್ಚೆಂದರೆ ಒಂದು ಸಲ ಮರುಪರಿಶೀಲನೆಗೆಂದು ವಾಪಸು ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಸಹಿ ಹಾಕಲೇಬೇಕು.

ಆದರೆ ಎಷ್ಟು ದಿನದೊಳಗೆ ಹಾಕಬೇಕು ಎಂಬುದನ್ನು ಸಂವಿಧಾನ ಹೇಳಿಲ್ಲ. ರಾಷ್ಟ್ರಪತಿಗೆ ನಿಜಕ್ಕೂ ಉಳಿದಿರುವ ಸ್ವಾತಂತ್ರ್ಯ ಈ ಸಂದಿಯಲ್ಲಿದೆ. ಗಲ್ಲಿಗೆ ಮನಸ್ಸೊಪ್ಪದ ರಾಷ್ಟ್ರಪತಿ ಕಡತದ ಮೇಲೆ ಕೂರಬಹುದು. ಅಬ್ದುಲ್ ಕಲಾಂ ಅವರು ಅಧಿಕಾರ ಬಿಡುವಾಗ ಹಲವು ಅರ್ಜಿಗಳು ತೀರ್ಮಾನವಾಗದೆ ಉಳಿದಿದ್ದವು. ಮರಣದಂಡನೆಗೆ ಗುರಿಯಾದವರಲ್ಲಿ ಬಡವರೇ ಹೆಚ್ಚು ಏಕೆ ಎಂಬ ಪ್ರಶ್ನೆಯನ್ನೂ ಅವರು ಎತ್ತಿದ್ದರು. ಆದರೆ ಕಡತದ ಮೇಲೆ ಕೂರುವ ಸೌಲಭ್ಯ ರಾಷ್ಟ್ರಪತಿಯೊಬ್ಬರದೇ ಅಲ್ಲ. ಗೃಹ ಸಚಿವಾಲಯಕ್ಕೂ ಇದೆ, ರಾಜ್ಯ ಸರ್ಕಾರಕ್ಕೂ ಇದೆ. ಅಫ್ಜಲ್ ಕಡತದ ಮೇಲೆ ಅಭಿಪ್ರಾಯ ತಿಳಿಸಿ ಎಂದು ಕೇಂದ್ರವು ದೆಹಲಿ ಸರ್ಕಾರಕ್ಕೆ ಜ್ಞಾಪನಾ ಪತ್ರಗಳ ಮೇಲೆ ಜ್ಞಾಪನಾ ಪತ್ರ ಬರೆದರೂ, ಉತ್ತರ ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಆಗ ಕೇಂದ್ರದಲ್ಲೂ ದೆಹಲಿಯಲ್ಲೂ ಇದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರವೇ.

ಇದರ ಜೊತೆಗೆ 74ನೇ ವಿಧಿಯ ಎರಡನೇ ಭಾಗ ಇನ್ನೊಂದು ತೆರೆ ಎಳೆಯುತ್ತದೆ. ಮಂತ್ರಿಗಳು ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟರು ಎಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸುವಂತಿಲ್ಲ. ಹೀಗಾಗಿ ಕೇಳಿದರೆ ಸಚಿವರು ‘ರಾಷ್ಟ್ರಪತಿಗಳು ತೀರ್ಮಾನಿಸಿದರು’ ಎನ್ನಬಹುದು; ರಾಷ್ಟ್ರಪತಿ ‘ಸಂಪುಟದ ಸಲಹೆಯಂತೆ ನಡೆದೆ’ ಎನ್ನಬಹುದು. ಇಬ್ಬರೂ ಹೇಳುವುದು ಸತ್ಯ, ಇಬ್ಬರೂ ಹೊಣೆಯಿಂದ ಹೊರಗೆ.

ಹೆಸರಿದ್ದ ಕಾಲ

ಮೊದಲು ಹೀಗಿರಲಿಲ್ಲ. 1931ರ ಮಾರ್ಚ್‌ನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರ ಗಲ್ಲು ತಪ್ಪಿಸಿ ಎಂದು ದೇಶವೇ ಕೇಳಿದಾಗ ಕೇಳಿದ್ದು ವೈಸರಾಯ್ ಇರ್ವಿನ್ ಅವರನ್ನು. ಇಲ್ಲ ಎಂದದ್ದೂ ಅವರೇ. ಚರಿತ್ರೆ ಆ ‘ಇಲ್ಲ’ವನ್ನು ಅವರ ಹೆಸರಿಗೇ ಬರೆದುಕೊಂಡಿದೆ. ಭಗತ್ ಸಿಂಗ್ ಅಂತೂ ಕ್ಷಮೆ ಬೇಡಲೇ ಇಲ್ಲ. ನಾವು ಯುದ್ಧಕೈದಿಗಳು, ನೇಣು ಬೇಡ, ಗುಂಡಿಟ್ಟು ಕೊಲ್ಲಿ ಎಂಬ ಅರ್ಥದ ಪತ್ರವನ್ನು ಪಂಜಾಬ್ ಗವರ್ನರ್‌ಗೆ ಬರೆದರು.

ಗಾಂಧಿ ಹತ್ಯೆಯ ಪ್ರಕರಣದಲ್ಲೂ ಹಾಗೆಯೇ. ನಾಥೂರಾಮ್ ಗೋಡ್ಸೆ ಮತ್ತು ನಾರಾಯಣ ಆಪ್ಟೆಗೆ ಗಲ್ಲು ಬೇಡ ಎಂದು ಗಾಂಧೀಜಿಯ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸ್ ಮನವಿ ಮಾಡಿಕೊಂಡಿದ್ದರು. ತಂದೆಯನ್ನು ಕಳೆದುಕೊಂಡವರೇ ಕೇಳಿಕೊಂಡರೂ ನೆಹರು, ಪಟೇಲ್, ಗವರ್ನರ್ ಜನರಲ್ ರಾಜಗೋಪಾಲಾಚಾರಿ ಒಪ್ಪಲಿಲ್ಲ. 1949ರ ನವೆಂಬರ್ 15ರಂದು ಅಂಬಾಲಾ ಜೈಲಿನಲ್ಲಿ ಶಿಕ್ಷೆ ಜಾರಿಯಾಯಿತು. ಸರಿಯೋ ತಪ್ಪೋ, ನಿರ್ಧಾರ ಯಾರದೆಂಬುದರಲ್ಲಿ ಗೊಂದಲವಿರಲಿಲ್ಲ.

ವೇಗ ನಿರ್ಧರಿಸುವುದು ಕಾನೂನಲ್ಲ

ಸ್ವತಂತ್ರ ಭಾರತದ ಕಾವೇರಿದ ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕಡತಗಳ ವೇಗದಲ್ಲಿನ ಅಂತರ.

ಇಂದಿರಾ ಗಾಂಧಿ ಹತ್ಯೆಯ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಕೇಹರ್ ಸಿಂಗ್‌ನ ಅರ್ಜಿ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಬಳಿ ಹೋದಾಗ, ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಪ್ರಕರಣದ ಗುಣದೋಷಗಳಿಗೆ ಕೈಹಾಕಲಾಗದು ಎಂಬ ಉತ್ತರ ಬಂತು. ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 1988ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ರಾಷ್ಟ್ರಪತಿ ಸಾಕ್ಷ್ಯವನ್ನು ಹೊಸದಾಗಿ ಪರಿಶೀಲಿಸಬಹುದು, ನ್ಯಾಯಾಲಯಕ್ಕಿಂತ ಬೇರೆಯದೇ ನಿಲುವಿಗೆ ಬರಬಹುದು, ಹಾಗೆ ಬಂದರೆ ತೀರ್ಪು ಅಳಿಸಿದಂತಾಗುವುದಿಲ್ಲ ಎಂದಿತು. ಇದು ಇವತ್ತಿಗೂ ಕ್ಷಮಾದಾನದ ಕಾನೂನಿನ ಅಡಿಪಾಯ. ಕೇಹರ್ ಸಿಂಗ್‌ಗೆ ಮಾತ್ರ ಅದರಿಂದ ಸಿಕ್ಕಿದ್ದು ಕೆಲವು ದಿನಗಳಷ್ಟೇ. ಅರ್ಜಿ ಮತ್ತೆ ತಿರಸ್ಕೃತವಾಗಿ, 1989ರ ಜನವರಿ 6ರಂದು ಅದೇ ಪ್ರಕರಣದ ಸತ್ವಂತ್ ಸಿಂಗ್ ಜೊತೆ ಆತನನ್ನೂ ಗಲ್ಲಿಗೇರಿಸಲಾಯಿತು.

ಮುಂಬೈ ದಾಳಿಯ ಕಸಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಖಾಯಂ ಮಾಡಿದ್ದು 2012ರ ಆಗಸ್ಟ್ 29ರಂದು. ನವೆಂಬರ್ 5ಕ್ಕೆ ಕ್ಷಮಾದಾನದ ಅರ್ಜಿ ತಿರಸ್ಕೃತ, 21ಕ್ಕೆ ಯೆರವಡಾ ಜೈಲಿನಲ್ಲಿ ನೇಣು. ಮೂರು ತಿಂಗಳೊಳಗೆ ಎಲ್ಲ ಮುಗಿಯಿತು. 1993ರ ದೆಹಲಿ ಬಾಂಬ್ ಸ್ಫೋಟದ ದೇವಿಂದರ್‌ಪಾಲ್ ಸಿಂಗ್ ಭುಲ್ಲರ್‌ನ ಅರ್ಜಿಗೆ ಎಂಟು ವರ್ಷ ಹಿಡಿಯಿತು. ಅವನ ವಿಷಯದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಆತ ನಿರ್ದೋಷಿ ಎಂದೇ ಬರೆದಿದ್ದರು. ಭಿನ್ನಮತವಿದ್ದ ಕಡತ ಎಂಟು ವರ್ಷ ತೆವಳಿತು, ಭಿನ್ನಮತವಿಲ್ಲದ್ದು ಎರಡು ತಿಂಗಳಲ್ಲಿ ಓಡಿತು ಎಂದು ಸಮಾಧಾನಪಟ್ಟುಕೊಳ್ಳೋಣವೆಂದರೆ ರಾಜೋನಾ ಕಡತ ಅಡ್ಡ ಬರುತ್ತದೆ.

ಪಂಜಾಬ್ ಮುಖ್ಯಮಂತ್ರಿಯಾಗಿದ್ದ ಬೇಅಂತ್ ಸಿಂಗ್ 1995ರ ಆಗಸ್ಟ್ 31ರಂದು ಚಂಡೀಗಡದ ಸಚಿವಾಲಯದ ಮುಂದೆ ಆತ್ಮಾಹುತಿ ಬಾಂಬ್‌ಗೆ ಬಲಿಯಾದರು. ಅವರ ಜೊತೆ ಇನ್ನೂ 16 ಮಂದಿ ಸತ್ತರು. ಈ ಪ್ರಕರಣದಲ್ಲಿ ಬಲವಂತ್ ಸಿಂಗ್ ರಾಜೋನಾಗೆ 2007ರಲ್ಲಿ ಮರಣದಂಡನೆಯಾಯಿತು. ಆತ ಮೇಲ್ಮನವಿಯನ್ನೂ ಸಲ್ಲಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. 2012ರ ಮಾರ್ಚ್ 31ಕ್ಕೆ ಗಲ್ಲು ನಿಗದಿಯಾದಾಗ ಪಂಜಾಬ್ ಕಾವೇರಿತು. ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ ಅವನ ಪರವಾಗಿ ಅರ್ಜಿ ಹಾಕಿತು, ಅಂದಿನ ಅಕಾಲಿ ಸರ್ಕಾರವೂ ದನಿಗೂಡಿಸಿತು, ಮಾರ್ಚ್ 28ರಂದು ಕೇಂದ್ರ ಗಲ್ಲಿಗೆ ತಡೆ ಕೊಟ್ಟಿತು. ಅಲ್ಲಿಂದಾಚೆಗೆ ಕಡತ ಅಲ್ಲಾಡಲಿಲ್ಲ. 2019ರಲ್ಲಿ ಗುರು ನಾನಕರ 550ನೇ ಜಯಂತಿಯ ಸಂದರ್ಭಕ್ಕೆ ಶಿಕ್ಷೆ ಇಳಿಸುವುದಾಗಿ ಕೇಂದ್ರ ಪತ್ರ ಬರೆಯಿತು. ಕೆಲವೇ ತಿಂಗಳಲ್ಲಿ, ಕ್ಷಮಾದಾನ ಕೊಟ್ಟಿಲ್ಲ ಎಂದು ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಾನು ಶಿಕ್ಷೆ ಇಳಿಸಲು ಒಪ್ಪದೆ, ಸೂಕ್ತ ಕಾಲದಲ್ಲಿ ಸರ್ಕಾರವೇ ತೀರ್ಮಾನಿಸಲಿ ಎಂದು ಬಿಟ್ಟಿತು.

2024ರ ನವೆಂಬರ್ 18ರಂದು ನಡೆದದ್ದಂತೂ ಇಡೀ ವ್ಯವಸ್ಥೆಯ ಚಿತ್ರ. ಅರ್ಜಿಯನ್ನು ರಾಷ್ಟ್ರಪತಿಗಳ ಮುಂದಿಟ್ಟು ಎರಡು ವಾರದಲ್ಲಿ ಪರಿಗಣಿಸುವಂತೆ ಕೋರಿ ಎಂದು ಸುಪ್ರೀಂ ಕೋರ್ಟ್ ರಾಷ್ಟ್ರಪತಿಗಳ ಕಾರ್ಯದರ್ಶಿಗೆ ಸೂಚಿಸಿತು. ಸ್ವಲ್ಪ ಹೊತ್ತಿಗೆ ಸಾಲಿಸಿಟರ್ ಜನರಲ್ ಬಂದು, ಕಡತ ಇರುವುದು ಗೃಹ ಸಚಿವಾಲಯದಲ್ಲಿ, ರಾಷ್ಟ್ರಪತಿಗಳ ಬಳಿ ಅಲ್ಲ ಎಂದರು. ಕೋರ್ಟ್ ತನ್ನ ಆದೇಶವನ್ನು ಅಂದೇ ತಡೆಹಿಡಿಯಿತು. ಅರ್ಜಿ ಹಾಕಿ ಹನ್ನೆರಡು ವರ್ಷಗಳಾದ ಮೇಲೆ, ಕಡತ ಯಾರ ಮೇಜಿನ ಮೇಲಿದೆ ಎಂಬುದೇ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಸುದ್ದಿಯಾಗಿತ್ತು.

ಇದೆಲ್ಲ ಅಚಾತುರ್ಯವೆಂದು ನಂಬುವುದು ಕಷ್ಟ. ಗಲ್ಲಿಗೇರಿಸಿದರೆ ಪಂಜಾಬ್ ಹೊತ್ತಿಕೊಳ್ಳಬಹುದು, ಕ್ಷಮಿಸಿದರೆ ಉಳಿದ ದೇಶ ಮೆತ್ತಗಾದಿರಿ ಎನ್ನಬಹುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರಿಗೆ ಸುಮ್ಮನಿರುವುದೇ ಒಳ್ಳೆಯ ಉಪಾಯ. ಯಾವ ಬಣ್ಣದ ಸರ್ಕಾರ ಬಂದರೂ ಈ ಉಪಾಯ ಬದಲಾಗಿಲ್ಲ.

ಪಾಲಾರ್‌ನಿಂದ ಹಿಂಡಲಗಾದವರೆಗೆ

ಕರ್ನಾಟಕದ ಮಟ್ಟಿಗೆ ಈ ಕತೆ ಶುರುವಾಗುವುದು ಮಲೆ ಮಹದೇಶ್ವರ ಬೆಟ್ಟದ ತಪ್ಪಲಲ್ಲಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ಹುಗಿದಿಟ್ಟ ನೆಲಬಾಂಬ್ ಸಿಡಿದು, ಅವನ ಬೆನ್ನು ಹತ್ತಿದ್ದ ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಊರೂರುಗಳಿಂದ ಜನರನ್ನು ಹಿಡಿದು ಭಯೋತ್ಪಾದನೆ ನಿಗ್ರಹದ ಟಾಡಾ ಕಾಯ್ದೆಯಡಿ ಮೈಸೂರು ಜೈಲಿಗೆ ತುಂಬಿದರು.

2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಅವನಿಟ್ಟ ಬೇಡಿಕೆಗಳಲ್ಲಿ ಈ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಆ ದಿನಗಳ ಬೆಂಗಳೂರನ್ನು ನೆನೆಸಿಕೊಂಡವರಿಗೆ ಸರ್ಕಾರ ಯಾವ ಅಡಕತ್ತರಿಯಲ್ಲಿ ಸಿಕ್ಕಿತ್ತೆಂದು ಹೇಳಬೇಕಿಲ್ಲ. ಟಾಡಾ ಆರೋಪಗಳನ್ನು ಹಿಂದೆಗೆದುಕೊಳ್ಳಲು ಸರ್ಕಾರಿ ವಕೀಲರ ಮೂಲಕ ಅರ್ಜಿ ಹಾಕಲಾಯಿತು, ವಿಶೇಷ ನ್ಯಾಯಾಲಯ ಒಪ್ಪಿಯೂ ಬಿಟ್ಟಿತು. ಅಡ್ಡ ನಿಂತವರು ಅಬ್ದುಲ್ ಕರೀಂ ಎಂಬ ನಿವೃತ್ತ ಪೊಲೀಸ್ ಅಧಿಕಾರಿ. ಅವರ ಮಗ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್, 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್‌ನ ಹೊಂಚುದಾಳಿಯಲ್ಲಿ ಹತರಾಗಿದ್ದರು. ತಂದೆ ಸುಪ್ರೀಂ ಕೋರ್ಟ್‌ಗೆ ಹೋದರು. ಇಡೀ ನಾಡು ರಾಜ್‌ಕುಮಾರ್ ಮರಳಿ ಬಂದರೆ ಸಾಕೆಂದು ಹರಕೆ ಹೊತ್ತಿದ್ದಾಗ, ಮಗನನ್ನು ಕೊಂದವರ ಕಡೆಯವರನ್ನು ಬಿಡಬೇಡಿ ಎಂದು ಕೇಳುವುದಕ್ಕೆ ಬೇಕಾದ ಎದೆಗಾರಿಕೆ ಸಣ್ಣದಲ್ಲ.

2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆರೋಪ ಹಿಂತೆಗೆತವನ್ನು ರದ್ದು ಮಾಡಿತು. ಸರ್ಕಾರಿ ವಕೀಲರು ಸರ್ಕಾರದ ಮಾತಿಗೆ ಮುದ್ರೆ ಒತ್ತಿದರೇ ಹೊರತು ಸ್ವಂತ ವಿವೇಚನೆ ಬಳಸಲಿಲ್ಲ ಎಂಬುದು ಅದರ ಆಕ್ಷೇಪ. 108 ದಿನಗಳ ಬಳಿಕ, ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ಟಾಡಾ ವಿಚಾರಣೆಯೂ ಮುಂದುವರಿಯಿತು. ಕಾನೂನಿನ ಭಾಷೆಯಲ್ಲಿ ಇದು ಕ್ಷಮಾದಾನವಲ್ಲ. ಆದರೂ ಸರ್ಕಾರ ರಾಜಕೀಯ ಒತ್ತಡಕ್ಕೆ ಅಪರಾಧವನ್ನು ಮರೆಯಲು ಹೊರಟಾಗ ನೊಂದವರು ಕೇಳಬಹುದಾದ ಪ್ರಶ್ನೆ ಯಾವುದೆಂದು ಅಬ್ದುಲ್ ಕರೀಂ ತೋರಿಸಿಕೊಟ್ಟರು: ಇದು ಯಾರ ತೀರ್ಮಾನ, ಯಾವ ಕಾರಣಕ್ಕೆ?

2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಪಾಲಾರ್ ಪ್ರಕರಣದ ನಾಲ್ವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಹೋದರೆ, ಶಿಕ್ಷೆ ಇಳಿಯುವುದಿರಲಿ, 2004ರ ಜನವರಿಯಲ್ಲಿ ಮರಣದಂಡನೆಗೆ ಏರಿತು. ಮರುತಿಂಗಳೇ ಕ್ಷಮಾದಾನದ ಅರ್ಜಿ ಹೊರಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದ. ಅವನ ಹೆಸರು ಕೇಳಿದರೆ ಬೆವರುತ್ತಿದ್ದ ಸರ್ಕಾರಗಳಿಗೆ ಆಮೇಲೆ ಹಿಂಡಲಗಾದ ನಾಲ್ವರು ನೆನಪಿಗೆ ಬರಲು ಎಂಟು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ನೇತೃತ್ವದ ಪೀಠ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಈ ನಾಲ್ವರೂ ಸೇರಿ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಇವತ್ತೋ ನಾಳೆಯೋ ಎಂದು ಕತ್ತಲೆ ಕೋಣೆಯಲ್ಲಿ ವರ್ಷಗಟ್ಟಲೆ ಕಾಯಿಸುವುದೂ ಹಿಂಸೆಯೇ, ಭಯೋತ್ಪಾದನೆಯ ಕೈದಿಗೂ ಆ ಮಾತು ಅನ್ವಯಿಸುತ್ತದೆ ಎಂದಿತು. ಅರ್ಜಿ ತಿರಸ್ಕಾರವಾದರೆ ಲಿಖಿತವಾಗಿ ತಿಳಿಸಬೇಕು, ತಿಳಿಸಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಅಂತರವಿರಬೇಕು, ಮನೆಯವರ ಭೇಟಿಗೆ ಅವಕಾಶ ಕೊಡಬೇಕು ಎಂದು ನಿಯಮ ಮಾಡಿತು. ಅದೇ ವರ್ಷ ಮಾರ್ಚ್ 31ರಂದು ಭುಲ್ಲರ್‌ನ ಶಿಕ್ಷೆಯೂ ಜೀವಾವಧಿಗೆ ಇಳಿಯಿತು.

ತೀರ್ಪು ಮಾನವೀಯವಾದದ್ದು. ಅದರ ಅಡ್ಡಪರಿಣಾಮ ಮಾತ್ರ ವಿಚಿತ್ರ. ರಾಷ್ಟ್ರಪತಿ ಕ್ಷಮಿಸಲಿಲ್ಲ, ಸಂಪುಟ ಕ್ಷಮಿಸಲಿಲ್ಲ, ನ್ಯಾಯಾಲಯವೂ ಅವರ ಅಪರಾಧ ಚಿಕ್ಕದೆನ್ನಲಿಲ್ಲ. ಕಡತ ತಡವಾದ್ದರಿಂದ ಜೀವ ಉಳಿಯಿತು. ಪಾಲಾರ್‌ನಲ್ಲಿ ಸತ್ತವರ ಮನೆಯವರಿಗೆ, ‘ಇಂಥ ಕಾರಣಕ್ಕೆ ಇವರ ಜೀವ ಉಳಿಸಿದ್ದೇವೆ’ ಎಂದು ಯಾರೂ ಬಂದು ಹೇಳಲಿಲ್ಲ.

ಶ್ರೀಪೆರಂಬುದೂರಿನ ಮೂರು ದಶಕ

ಶ್ರೀಪೆರಂಬುದೂರಿನಲ್ಲಿ ನಡೆದ ರಾಜೀವ್ ಗಾಂಧಿ ಹತ್ಯೆಯ ಕಡತ ಇದಕ್ಕಿಂತ ಉದ್ದವಾಗಿ ಎಳೆಯಿತು. ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತವನ ತಂಡ 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಸತ್ತುಹೋಗಿತ್ತು. ಸಿಕ್ಕವರಲ್ಲಿ 26 ಮಂದಿಗೂ ಟಾಡಾ ನ್ಯಾಯಾಲಯ ಮರಣದಂಡನೆ ಕೊಟ್ಟಿತು. ಸುಪ್ರೀಂ ಕೋರ್ಟ್ 1999ರಲ್ಲಿ ನಾಲ್ವರಿಗೆ ಮಾತ್ರ ಅದನ್ನು ಉಳಿಸಿ, ಮೂವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಉಳಿದ 19 ಮಂದಿ ಹೊರಬಂದರು.

ನಾಲ್ವರ ಅರ್ಜಿಯನ್ನು ತಮಿಳುನಾಡು ರಾಜ್ಯಪಾಲರು ಮೊದಲು ಸಂಪುಟವನ್ನು ಕೇಳದೆಯೇ ತಿರಸ್ಕರಿಸಿದರು. ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿ ಸಂಪುಟದ ಸಲಹೆ ಪಡೆಯಿರಿ ಎಂದಿತು. ಕರುಣಾನಿಧಿ ಸಂಪುಟ 2000ದ ಏಪ್ರಿಲ್‌ನಲ್ಲಿ ನಳಿನಿಗೆ ಮಾತ್ರ ಕ್ಷಮೆ ಶಿಫಾರಸು ಮಾಡಿತು. ನಳಿನಿಗೆ ಪುಟ್ಟ ಮಗಳಿದ್ದಳು, ಸೋನಿಯಾ ಗಾಂಧಿಯವರೂ ಆಕೆಯ ಗಲ್ಲು ಬೇಡ ಎಂದಿದ್ದರು. ಈ ಒಂದು ತೀರ್ಮಾನಕ್ಕೆ ಕಾರಣವೂ ಇತ್ತು, ಹೊಣೆ ಹೊತ್ತವರೂ ಇದ್ದರು.

ಉಳಿದ ಮೂವರ ಅರ್ಜಿ ದೆಹಲಿಗೆ ಹೋಗಿ 11 ವರ್ಷ ಮಲಗಿತು. 2011ರ ಆಗಸ್ಟ್‌ನಲ್ಲಿ ತಿರಸ್ಕಾರದ ಸುದ್ದಿ ಬಂದಾಗ ತಮಿಳುನಾಡಿನ ರಾಜಕೀಯ ತಿರುವುಮುರುವಾಗಿತ್ತು. ಹತ್ಯೆಯ ಹಿಂದಿದ್ದ ಎಲ್‌ಟಿಟಿಇಯನ್ನು ಕಟುವಾಗಿ ವಿರೋಧಿಸುತ್ತಿದ್ದ ಜಯಲಲಿತಾ ಅವರೇ ಶಿಕ್ಷೆ ಇಳಿಸಿ ಎಂದು ವಿಧಾನಸಭೆಯಲ್ಲಿ ನಿರ್ಣಯ ಮಂಡಿಸಿದರು. 2014ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟ್ ವಿಳಂಬದ ಕಾರಣಕ್ಕೆ ಗಲ್ಲು ತಪ್ಪಿಸಿದರೆ, ಮಾರನೇ ದಿನವೇ ಏಳೂ ಮಂದಿಯ ಬಿಡುಗಡೆ ಘೋಷಿಸಿದರು. ಲೋಕಸಭೆ ಚುನಾವಣೆ ಹೊಸ್ತಿಲಲ್ಲಿತ್ತು. ಅದಕ್ಕೂ ತಡೆ ಬಿತ್ತು. 2018ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಬಿಡುಗಡೆಗೆ ಶಿಫಾರಸು ಮಾಡಿತು. ರಾಜ್ಯಪಾಲರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಡತ ಇಟ್ಟುಕೊಂಡು, ಕೊನೆಗೆ ಇದು ರಾಷ್ಟ್ರಪತಿಗಳಿಗೆ ಸೇರಿದ್ದು ಎಂದರು. 2022ರ ಮೇ 18ರಂದು ಸುಪ್ರೀಂ ಕೋರ್ಟ್, ರಾಜ್ಯಪಾಲರು ಸಂಪುಟದ ಸಲಹೆಗೆ ಬದ್ಧರು, ಕಡತವನ್ನು ರಾಷ್ಟ್ರಪತಿಗೆ ದಾಟಿಸಲು ಸಂವಿಧಾನದಲ್ಲಿ ಆಧಾರವಿಲ್ಲ ಎಂದು ಹೇಳಿ, 142ನೇ ವಿಧಿಯಡಿ ತಾನೇ ಆ ಮೂವರಲ್ಲಿ ಒಬ್ಬನಾದ ಪೇರರಿವಾಳನ್ ಬಿಡುಗಡೆಗೆ ಆದೇಶಿಸಿತು. 19ನೇ ವಯಸ್ಸಿಗೆ ಒಳಗೆ ಹೋದವನು 31 ವರ್ಷಗಳ ಬಳಿಕ ಬಿಡುಗಡೆ ಕಂಡ. ನವೆಂಬರ್ 11ರಂದು ಉಳಿದ ಆರು ಮಂದಿಯೂ ಬಿಡುಗಡೆಯಾದರು. ರಾಜಭವನ, ರಾಷ್ಟ್ರಪತಿ ಭವನಗಳ ನಡುವೆ ಓಡಾಡಿದ ಕಡತಕ್ಕೆ ಕೊನೆಗೆ ಸಹಿ ಬಿದ್ದದ್ದು ನ್ಯಾಯಾಲಯದಲ್ಲಿ.

ನಮ್ಮವನು ಎಂಬ ಅರ್ಹತೆ

ಗಲ್ಲಿನ ಕಡತಗಳಿಗೆ ಆಮೆವೇಗವಾದರೆ, ಪಕ್ಷದವರ ಕಡತಗಳಿಗೆ ರೆಕ್ಕೆಯೇ ಬಂದುಬಿಡುತ್ತದೆ. ಆಂಧ್ರದಲ್ಲಿ 2005ರಲ್ಲಿ, ಹತ್ಯೆ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಶಾಸಕಿಯೊಬ್ಬರ ಪತಿಗೆ ರಾಜ್ಯಪಾಲರು ಉಳಿದ ಶಿಕ್ಷೆ ಮಾಫಿ ಮಾಡಿದರು. ಕಡತ ಸುಪ್ರೀಂ ಕೋರ್ಟ್ ಮುಂದೆ ಬಿಚ್ಚಿದಾಗ, ಅಧಿಕಾರಿಯ ವರದಿಯೊಂದರಲ್ಲಿ ಆತ ‘ಒಳ್ಳೆಯ ಕಾಂಗ್ರೆಸ್ ಕಾರ್ಯಕರ್ತ’ ಎಂದು ಬರೆದಿತ್ತು. ಶಿಕ್ಷೆ ಮಾಫಿಗೆ ಅದೂ ಒಂದು ಅರ್ಹತೆ! 2006ರ ಅಕ್ಟೋಬರ್‌ನಲ್ಲಿ ಏಪುರು ಸುಧಾಕರ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಜಾತಿ, ಧರ್ಮ, ರಾಜಕೀಯ ನಿಷ್ಠೆಯ ಮೇಲೆ ಕ್ಷಮೆ ಹಂಚುವಂತಿಲ್ಲ. ಮನಸ್ಸಿಟ್ಟು ಯೋಚಿಸದೆ, ದುರುದ್ದೇಶದಿಂದ, ಸಂಬಂಧವಿಲ್ಲದ ಸಂಗತಿಗಳ ಮೇಲೆ ಕೊಟ್ಟ ಕ್ಷಮಾದಾನವನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದಿತು. ವರದಿ ಬರೆದ ಅಧಿಕಾರಿ ಅಷ್ಟು ಮುಗ್ಧವಾಗಿ ಬರೆಯದೆ ಇದ್ದಿದ್ದರೆ? ಹೊಣೆಗಾರಿಕೆ ಎಂಬುದು ಕಾಗದದ ಮೇಲೆ ಕಾರಣ ಬರೆಯುವುದರಿಂದಲೇ ಶುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳನ್ನು ಗುಜರಾತ್ ಸರ್ಕಾರ 2022ರ ಆಗಸ್ಟ್ 15ರಂದು ಬಿಡುಗಡೆ ಮಾಡಿದ್ದು 161ನೇ ವಿಧಿಯಡಿ ಅಲ್ಲ, ದಂಡಪ್ರಕ್ರಿಯಾ ಸಂಹಿತೆಯ ಕೆಳಗೆ. ಅಲ್ಲೂ ಆ ಅಧಿಕಾರ ಗುಜರಾತಿಗೆ ಇರಲೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜನವರಿ 8ರಂದು ಹೇಳಿ ಎಲ್ಲರನ್ನೂ ಜೈಲಿಗೆ ವಾಪಸು ಕಳಿಸಿತು.

ಒಬ್ಬನ ಕೈಯಲ್ಲಿ ಕೊಟ್ಟರೆ?

ಅಮೆರಿಕದ ಸಂವಿಧಾನ ಈ ಅಧಿಕಾರವನ್ನು ಅಧ್ಯಕ್ಷರೊಬ್ಬರ ಕೈಗೇ ಕೊಟ್ಟಿದೆ. ಸಂಪುಟದ ಸಲಹೆ ಬೇಕಿಲ್ಲ. ಅದನ್ನು ಸಮರ್ಥಿಸಿ 1788ರಲ್ಲಿ ಬರೆದ ಅಲೆಗ್ಸಾಂಡರ್ ಹ್ಯಾಮಿಲ್ಟನ್‌ನ ವಾದ ಸರಳವಾಗಿತ್ತು: ಒಂದು ಜೀವ ತನ್ನೊಬ್ಬನ ಮಾತಿನ ಮೇಲೆ ನಿಂತಿದೆ ಎಂದು ಗೊತ್ತಿರುವವನು ಹೆಚ್ಚು ಎಚ್ಚರದಿಂದಿರುತ್ತಾನೆ, ಗುಂಪಿನಲ್ಲಿ ಹೊಣೆ ಹಂಚಿಹೋಗಿ ಮನಸ್ಸು ಕಲ್ಲಾಗುತ್ತದೆ. ದಂಗೆಯ ಹೊತ್ತಿನಲ್ಲಿ ಸಕಾಲಕ್ಕೆ ಕೊಟ್ಟ ಕ್ಷಮೆ ದೇಶಕ್ಕೆ ಶಾಂತಿ ತರಬಲ್ಲದು ಎಂದೂ ಆತ ಬರೆದ.

1974ರ ಸೆಪ್ಟೆಂಬರ್ 8ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್, ವಾಟರ್‌ಗೇಟ್ ಹಗರಣದಲ್ಲಿ ರಾಜೀನಾಮೆ ಕೊಟ್ಟಿದ್ದ ನಿಕ್ಸನ್‌ಗೆ ಪೂರ್ಣ ಕ್ಷಮಾದಾನ ಕೊಟ್ಟರು. ಜನ ಕೆರಳಿದರು. ಫೋರ್ಡ್ ಅಕ್ಟೋಬರ್ 17ರಂದು ಸಂಸತ್ತಿನ ಕೆಳಮನೆಯ ಉಪಸಮಿತಿಯ ಮುಂದೆ ತಾವೇ ಹೋಗಿ ಕುಳಿತು, ಒಳಒಪ್ಪಂದವೇನೂ ಇರಲಿಲ್ಲ ಎಂದು ಉತ್ತರ ಕೊಟ್ಟರು. 1976ರ ಚುನಾವಣೆಯಲ್ಲಿ ಸೋತರು. 2001ರಲ್ಲಿ ಅದೇ ತೀರ್ಮಾನಕ್ಕಾಗಿ ಕೆನಡಿ ಪ್ರತಿಷ್ಠಾನ ಅವರಿಗೆ ಧೈರ್ಯದ ಪ್ರಶಸ್ತಿ ಕೊಟ್ಟಿತು. ಬೈದವರಿಗೂ ಹೊಗಳಿದವರಿಗೂ ಯಾರನ್ನು ಎಂಬುದು ಗೊತ್ತಿತ್ತು.

ಈ ಅಧಿಕಾರದ ಇನ್ನೊಂದು ಮುಖ 2025ರ ಜನವರಿ 20ರಂದು ಕಂಡಿತು. ಅಧಿಕಾರ ಬಿಡುವ ಕೊನೆ ಗಳಿಗೆಯಲ್ಲಿ ಜೋ ಬೈಡನ್ ತಮ್ಮ ಒಡಹುಟ್ಟಿದವರಿಗೆ ಮುಂಗಡವಾಗಿಯೇ ಕ್ಷಮಾದಾನ ಕೊಟ್ಟರು. ಮಗನಿಗೆ ಮೊದಲೇ ಕೊಟ್ಟಿದ್ದರು. ಅದೇ ದಿನ ಡೊನಾಲ್ಡ್ ಟ್ರಂಪ್, 2021ರ ಜನವರಿ 6ರ ಸಂಸತ್ ಭವನ ದಾಳಿಯ ಸುಮಾರು 1,500 ಮಂದಿಯನ್ನು ಕ್ಷಮಿಸಿ, 14 ಮಂದಿಯ ಶಿಕ್ಷೆ ಇಳಿಸಿದರು. ಪೊಲೀಸರನ್ನು ಹೊಡೆದವರೂ ಅದರಲ್ಲಿದ್ದರು. ಹ್ಯಾಮಿಲ್ಟನ್ ನಂಬಿದ್ದ ಎಚ್ಚರ ಎಲ್ಲರಲ್ಲೂ ಇರುವುದಿಲ್ಲ ಎಂದಾಯಿತು. ಅಮೆರಿಕದ ಮಾದರಿಯನ್ನು ನಾವು ತಂದುಕೊಳ್ಳುವುದು ಬೇಡ. ಅಲ್ಲಿಂದ ತರಬಹುದಾದದ್ದು ಒಂದೇ, ತೀರ್ಮಾನದ ಕೆಳಗಿನ ಹೆಸರು.

ಕ್ಷಮೆ ರಾಜಕೀಯವಾಗಿದ್ದೂ ಘನತೆಯಿಂದಿರಬಹುದು ಎಂಬುದಕ್ಕೆ ದಕ್ಷಿಣ ಕೊರಿಯಾದ ಉದಾಹರಣೆಯಿದೆ. ಸೇನಾಡಳಿತದ ಚುನ್ ಡೂ ಹ್ವಾನ್ ಕಾಲದಲ್ಲಿ ಕಿಮ್ ಡೇ ಜಂಗ್‌ಗೆ ಮರಣದಂಡನೆ ವಿಧಿಸಲಾಗಿತ್ತು. ಮುಂದೆ ಅವರೇ 1997ರ ಡಿಸೆಂಬರ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಜೈಲಿನಲ್ಲಿದ್ದ ಚುನ್‌ಗೆ ಅಂದಿನ ಅಧ್ಯಕ್ಷ ಕಿಮ್ ಯಂಗ್ ಸ್ಯಾಮ್ ಕ್ಷಮಾದಾನ ಕೊಟ್ಟದ್ದು ಈ ಹೊಸ ಅಧ್ಯಕ್ಷರ ಒಪ್ಪಿಗೆ ಪಡೆದು. ಎಲ್ಲರೂ ಮೆಚ್ಚಲಿಲ್ಲ, ನಿಜ. ಆದರೆ ಒಪ್ಪಿಗೆ ಕೊಟ್ಟವರು ಸ್ವತಃ ನೊಂದವರಾಗಿದ್ದರು.

ಹೊಸ ಕಾನೂನು, ಹಳೆಯ ಸಂದಿ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಂ ಮೊದಲ ಬಾರಿಗೆ ಈ ಕಡತಕ್ಕೆ ಗಡುವು ಹಾಕಿದೆ. ಅರ್ಜಿ ಹಾಕಲು ಕೈದಿಗೆ 30 ದಿನ. ಕೈದಿ, ಅವನ ಕಾನೂನುಬದ್ಧ ವಾರಸುದಾರರು ಅಥವಾ ಬಂಧುಗಳು ಮಾತ್ರ ಹಾಕಬಹುದು. ರಾಜ್ಯದ ಅಭಿಪ್ರಾಯ ಬಂದ ಮೇಲೆ ಶಿಫಾರಸು ಮಾಡಲು ಕೇಂದ್ರಕ್ಕೆ 60 ದಿನ. ತೀರ್ಮಾನವನ್ನು 48 ಗಂಟೆಯೊಳಗೆ ತಿಳಿಸಬೇಕು. ಇಷ್ಟೂ ಒಳ್ಳೆಯದೇ.

ಆದರೆ ರಾಷ್ಟ್ರಪತಿ ಎಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು ಕಾನೂನು ಹೇಳಿಲ್ಲ. ಜೊತೆಗೆ, ತೀರ್ಮಾನಕ್ಕೆ ಹೇಗೆ ಬಂದರು ಎಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸುವಂತಿಲ್ಲ ಎಂದು ಬರೆದಿದೆ. ಏಪುರು ಸುಧಾಕರ್, ಶತ್ರುಘ್ನ ಚೌಹಾಣ್ ತೀರ್ಪುಗಳು ಬಂದದ್ದು ನ್ಯಾಯಾಲಯ ಅದನ್ನು ವಿಚಾರಿಸಿದ್ದರಿಂದಲೇ. ಸಂವಿಧಾನ ಕೊಟ್ಟ ಪರಿಶೀಲನೆಯ ಅಧಿಕಾರವನ್ನು ಸಾಮಾನ್ಯ ಕಾನೂನೊಂದು ಕಿತ್ತುಕೊಳ್ಳಲಾಗದು ಎಂಬ ವಾದ ಗಟ್ಟಿಯಾಗಿದೆ. ಆದರೂ ಶಾಸನದ ಒಲವು ಯಾವ ಕಡೆಗಿದೆ ಎಂಬುದು ಸ್ಪಷ್ಟ: ಕೈದಿಗೆ ಗಡುವು ಬಿಗಿಯಾಗಿದೆ, ಅಧಿಕಾರಕ್ಕೆ ಸಡಿಲವಾಗಿದೆ.

ಸರಿಪಡಿಸುವುದಕ್ಕೆ ಸಂವಿಧಾನ ತಿದ್ದುವಷ್ಟು ದೂರ ಹೋಗಬೇಕಿಲ್ಲ. ಶಿಫಾರಸು ತಲುಪಿದ ಮೇಲೆ ಇಷ್ಟು ದಿನದೊಳಗೆ ತೀರ್ಮಾನ ಎಂಬ ರೂಢಿಯನ್ನು ರಾಷ್ಟ್ರಪತಿ ಭವನ ತಾನೇ ಹಾಕಿಕೊಳ್ಳಬಹುದು. ಒಪ್ಪಿದರೂ ನಿರಾಕರಿಸಿದರೂ ಕಾರಣವನ್ನು ಒಂದು ಪುಟದಲ್ಲಿ ಬರೆದು, ಶಿಫಾರಸು ಮಾಡಿದ ಸಚಿವರ ಹೆಸರಿನಲ್ಲಿ ಸಂಸತ್ತಿನ ಮುಂದಿಡಬಹುದು. ಅರ್ಜಿದಾರನ ಮಾತು ಕೇಳುವಂತೆ ಸತ್ತವರ ಮನೆಯವರ ಮಾತನ್ನೂ ಲಿಖಿತವಾಗಿ ಕೇಳಬಹುದು. ಗಾಂಧೀಜಿಯ ಮಕ್ಕಳೂ ಸೋನಿಯಾ ಗಾಂಧಿಯವರೂ ಒಂದು ಕಡೆ ನಿಂತರು, ಅಬ್ದುಲ್ ಕರೀಂ ಇನ್ನೊಂದು ಕಡೆ. ಎರಡೂ ದನಿಗೆ ಕಡತದಲ್ಲಿ ಜಾಗವಿರಬೇಕು.

ಹಾಗೆ ಮಾಡಿದರೆ ರಾಜಕೀಯ ಲೆಕ್ಕಾಚಾರ ನಿಲ್ಲುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ಕಡತಗಳು ಮೇಲೇಳುವುದೂ ಮಲಗುವುದೂ ಇದ್ದೇ ಇರುತ್ತದೆ. ಆದರೆ ಲೆಕ್ಕ ಹಾಕಿದವರು ಯಾರೆಂದು ಮತದಾರನಿಗೆ ತಿಳಿಯುತ್ತದೆ. ಪಂಜಾಬಿನ ಜನಾಭಿಪ್ರಾಯಕ್ಕೆ ಮಣಿದು ರಾಜೋನಾಗೆ ಜೀವದಾನ ಕೊಡುತ್ತೇವೆ ಎನ್ನುವ ಸರ್ಕಾರ ಹಾಗೆಂದೇ ಹೇಳಲಿ. 17 ಜೀವಗಳ ಲೆಕ್ಕ ಮುಗಿದಿಲ್ಲ ಎನ್ನುವುದಾದರೆ ಅದನ್ನೂ ಹೇಳಲಿ. ಬೇಅಂತ್ ಸಿಂಗ್ ಸತ್ತು ಮೂರು ದಶಕಗಳಾದ ಮೇಲೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರವನ್ನು ಹೊಡೆದ ಕಡೆಯವರಿಗೂ ಸತ್ತವರ ಕಡೆಯವರಿಗೂ ಸಮನಾಗಿ ಹಂಚುವುದು ನಿಷ್ಪಕ್ಷಪಾತವಲ್ಲ, ನುಣುಚಿಕೊಳ್ಳುವಿಕೆ. ಕ್ಷಮಾದಾನದ ಹೊಸ ರೂಢಿಯನ್ನು ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ, ಗೃಹ ಸಚಿವಾಲಯದಲ್ಲಿದೆ ಎಂದು ಸಾಲಿಸಿಟರ್ ಜನರಲ್ ಅವರೇ ಹೇಳಿದ ಆ ಕಡತದಿಂದ ಶುರು ಮಾಡಬಹುದು.